ಏಳರ ನಡೆ, ಇಪ್ಪತ್ತು ನಿಮಿಷದ ಹಾಡು

ವೇದಿಕೆಯ ಮೇಲೆ ಗಿಟಾರುಗಳು ಮೊರೆಯುತ್ತಿವೆ. ಕೆಳಗೆ ಕಪ್ಪು ಟೀ ಶರ್ಟಿನ ಹುಡುಗ ಹುಡುಗಿಯರು ಒಟ್ಟಿಗೆ ತಲೆ ಕುಣಿಸುತ್ತಿದ್ದಾರೆ. ಪೆಟ್ಟು ಬಿದ್ದಾಗ ತಲೆ ಕೆಳಗೆ, ಪೆಟ್ಟಿನ ನಡುವೆ ಮೇಲೆ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಗುಂಪಿಗೆ ಗುಂಪೇ ಮುಗ್ಗರಿಸುತ್ತದೆ. ಅರ್ಧ ಜನರ ತಲೆ ಕೆಳಗಿದ್ದರೆ ಇನ್ನರ್ಧ ಜನರದು ಮೇಲಿದೆ. ಡ್ರಮ್ ಬಾರಿಸುವವನು ಎಂಟಕ್ಕೆ ಮುಗಿಯಬೇಕಾದ ಸುತ್ತನ್ನು ಏಳಕ್ಕೇ ಮುಗಿಸಿ ಮುಂದೆ ಹೋಗಿಬಿಟ್ಟಿದ್ದಾನೆ. ಕೆಲವರು ನಿಂತು ಎಣಿಸುತ್ತಾರೆ, ಕೆಲವರು ಪಕ್ಕದವರ ಮುಖ ನೋಡಿ ನಗುತ್ತಾರೆ. ಪಳಗಿದವರು ಮಾತ್ರ ತಲೆ ನಿಲ್ಲಿಸುವುದಿಲ್ಲ. ಎರಡು ಸುತ್ತು ಕಳೆದರೆ ಪೆಟ್ಟು ತಾನಾಗಿ ಬಂದು ಕೂಡಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು.

ಪ್ರೊಗ್ರೆಸಿವ್ ಮೆಟಲ್ ಕಛೇರಿಯಲ್ಲಿ ಇದು ಪ್ರತಿ ಸಲವೂ ನಡೆಯುವಂಥದ್ದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಈ ಸಂಗೀತ ಬಾಗಿಲ ಸಂದಿಯಿಂದ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಒಮ್ಮೆ ಗುಡುಗು, ಒಮ್ಮೆ ಕೊಳಲು, ನಡುವೆ ಯಾರೋ ಗುಟುರು ಹಾಕಿದಂತೆ ಹಾಡು, ಮುಗಿಯಿತು ಅಂದುಕೊಳ್ಳುವಾಗ ಮತ್ತೆ ಶುರು. ಒಂದೇ ಹಾಡು ಇಪ್ಪತ್ತು ನಿಮಿಷ.

2024 ಮತ್ತು 2025ರಲ್ಲಿ ಈ ಪಂಥದ ಹಿರಿಯರೂ ಕಿರಿಯರೂ ಒಬ್ಬರ ಹಿಂದೆ ಒಬ್ಬರು ದೊಡ್ಡ ಆಲ್ಬಂಗಳನ್ನು ತಂದರು. ಅವುಗಳನ್ನು ಬಿಡದೆ ಕೇಳಿದವನಾಗಿ, ಅವು ಏನು ಮಾಡುತ್ತವೆ, ಯಾವುದು ಗೆದ್ದಿತು, ಯಾವುದು ಸೋತಿತು ಎಂದು ಹೇಳುವುದು ಈ ಲೇಖನದ ಕೆಲಸ. ನನ್ನ ಅಳತೆಗೋಲು ಒಂದೇ. ಲೆಕ್ಕ ಎಷ್ಟು ಕಷ್ಟದ್ದಾದರೂ ಇರಲಿ, ಹಾಡಿಗೆ ಆ ಲೆಕ್ಕ ಬೇಕೇ ಬೇಕಿತ್ತು ಎಂದು ಕೇಳುವವನಿಗೆ ಅನ್ನಿಸಬೇಕು.

ಮೂರು ನಿಮಿಷದ ಗೆರೆ ದಾಟಿದವರು

ರೇಡಿಯೊ ಮತ್ತು ಸಣ್ಣ ತಟ್ಟೆಗಳ ಕಾಲದಲ್ಲಿ ರಾಕ್ ಹಾಡು ಎಂದರೆ ಸುಮಾರು ಮೂರು ನಿಮಿಷ. 1969ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ತಂಡ ತನ್ನ ಮೊದಲ ಆಲ್ಬಂ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' ತಂದಾಗ ಅದರಲ್ಲಿದ್ದದ್ದು ಐದೇ ಹಾಡು. ಜಾಜ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಮತ್ತು ರಾಕ್ ಮೂರನ್ನೂ ಒಂದೇ ಒಲೆಯ ಮೇಲಿಟ್ಟ ಆಲ್ಬಂ ಅದು. ಪ್ರೊಗ್ರೆಸಿವ್ ರಾಕ್ ಎಂಬ ಪಂಥಕ್ಕೆ ಅದನ್ನೇ ಆರಂಭವೆಂದು ಅನೇಕರು ಎಣಿಸುತ್ತಾರೆ.

ಆ ಆಲ್ಬಮ್ಮಿನ ಉದ್ದಕ್ಕೂ ಮೆಲೊಟ್ರಾನ್ ಎಂಬ ವಾದ್ಯ ಕೇಳುತ್ತದೆ. ನೋಡಲು ಹಾರ್ಮೋನಿಯಂ ಜಾತಿಯದು. ಆದರೆ ಒಂದೊಂದು ಕೀಲಿಯ ಹಿಂದೆಯೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ, ಅದರಲ್ಲಿ ಪಿಟೀಲು, ಕೊಳಲು ಅಥವಾ ಗಾಯನವೃಂದದ ಒಂದು ಸ್ವರ ಧ್ವನಿಮುದ್ರಣವಾಗಿರುತ್ತದೆ. ಕೀಲಿ ಒತ್ತಿದರೆ ಆ ಪಟ್ಟಿ ಓಡುತ್ತದೆ. ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತದೆ, ಬೆರಳು ಎತ್ತಿದರೆ ಮತ್ತೆ ಮೊದಲಿಗೆ ಮರಳುತ್ತದೆ. ಹಾಗಾಗಿ ಎಂಟು ಸೆಕೆಂಡಿನೊಳಗೆ ಸ್ವರ ಬದಲಿಸಲೇಬೇಕು. ಆ ಕಾಲದ ಹಾಡುಗಳಲ್ಲಿ ಕೇಳುವ, ಉಸಿರಾಡುತ್ತಿರುವಂಥ ಏರಿಳಿತಕ್ಕೆ ವಾದ್ಯದ ಈ ಮಿತಿಯೂ ಕಾರಣ. ಇಂದಿಗೂ ಈ ಪಂಥದವರು ಆ ಸದ್ದನ್ನು ಬಿಟ್ಟುಕೊಟ್ಟಿಲ್ಲ.

ಹಾಡಿನ ಉದ್ದವನ್ನು ಕಲ್ಪನೆಯ ಜೊತೆಗೆ ತಟ್ಟೆಯೂ ನಿರ್ಧರಿಸಿತು. ಎಲ್‌ಪಿಯ ಒಂದು ಬದಿಯಲ್ಲಿ ಚೆನ್ನಾಗಿ ಕೇಳುವಂತೆ ಹಿಡಿಸಬಹುದಾದದ್ದು ಸುಮಾರು ಇಪ್ಪತ್ತು, ಇಪ್ಪತ್ತೆರಡು ನಿಮಿಷ. 1972ರಲ್ಲಿ ಯೆಸ್ ತಂಡ 'ಕ್ಲೋಸ್ ಟು ದ ಎಡ್ಜ್' ಎಂಬ ಒಂದೇ ಹಾಡಿನಿಂದ ಒಂದು ಬದಿ ತುಂಬಿಸಿತು. ಅದೇ ವರ್ಷ ಜೆಥ್ರೊ ಟಲ್ ತಂಡದ ಇಯಾನ್ ಆಂಡರ್ಸನ್ 'ಥಿಕ್ ಆ್ಯಸ್ ಎ ಬ್ರಿಕ್' ಎಂಬ ಒಂದೇ ಹಾಡನ್ನು ಎರಡೂ ಬದಿಗೆ ಹರಡಿದರು.

ಎಪ್ಪತ್ತರ ದಶಕದ ಕೊನೆಗೆ ಪಂಕ್ ಸಂಗೀತದ ಅಬ್ಬರದಲ್ಲಿ ಈ ಪಂಥ ಮಂಕಾಯಿತು. ಆದರೆ ಅದರ ಬೀಜ ಅಷ್ಟರಲ್ಲಿ ಹೆವಿ ಮೆಟಲ್ಲಿನ ನೆಲಕ್ಕೆ ಬಿದ್ದಿತ್ತು. ಕೆನಡಾದ ರಷ್ ತಂಡ 1976ರಲ್ಲೇ '2112' ಎಂಬ ಇಪ್ಪತ್ತು ನಿಮಿಷದ ಕಥಾಹಾಡನ್ನು ಗಟ್ಟಿ ಗಿಟಾರಿನಲ್ಲಿ ಹೇಳಿತ್ತು. 1985ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದ ಜಾನ್ ಪೆಟ್ರೂಚಿ, ಜಾನ್ ಮಿಯಂಗ್ ಮತ್ತು ಮೈಕ್ ಪೋರ್ಟ್‌ನಾಯ್ ಕೂಡಿ ಕಟ್ಟಿದ ತಂಡ ಮುಂದೆ ಡ್ರೀಮ್ ಥಿಯೇಟರ್ ಆಯಿತು. 1992ರ ಅವರ 'ಇಮೇಜಸ್ ಆ್ಯಂಡ್ ವರ್ಡ್ಸ್' ಪ್ರೊಗ್ರೆಸಿವ್ ಮೆಟಲ್ಲಿಗೆ ಹೆಸರನ್ನೂ ಮಾರುಕಟ್ಟೆಯನ್ನೂ ತಂದುಕೊಟ್ಟಿತು. ಅಷ್ಟರಲ್ಲಿ ಸಿಡಿ ಬಂದಿತ್ತು. ತಟ್ಟೆಯ ನಲವತ್ತು ನಿಮಿಷ ಎಪ್ಪತ್ತು ದಾಟಿತು. ಇದು ವರವೂ ಆಯಿತು, ಕೆಲವರಿಗೆ ಶಾಪವೂ ಆಯಿತು.

ಕುಮಾರವ್ಯಾಸ ನಡೆದ ದಾರಿ

ಬಹಳಷ್ಟು ಸಿನಿಮಾ ಹಾಡುಗಳೂ ಹೆಚ್ಚಿನ ರಾಕ್ ಹಾಡುಗಳೂ ನಾಲ್ಕರ ಎಣಿಕೆಯಲ್ಲಿ ನಡೆಯುತ್ತವೆ. ಪ್ರೊಗ್ರೆಸಿವ್ ಸಂಗೀತಗಾರರು ಐದು, ಏಳು, ಒಂಬತ್ತು, ಹನ್ನೊಂದಕ್ಕೆ ಹೋಗುತ್ತಾರೆ. 1973ರಲ್ಲಿ ಬಂದ ಪಿಂಕ್ ಫ್ಲಾಯ್ಡ್‌ನ 'ಮನಿ' ಹಾಡಿನ ಬಹುಭಾಗ ಏಳರಲ್ಲಿದೆ. ಪಶ್ಚಿಮದ ಕೇಳುಗರಿಗೆ ಇದು ಕುಂಟು ನಡೆಯೆಂದು ತೋರುವುದುಂಟು.

ಕನ್ನಡಿಗರಿಗೆ ಹಾಗೆ ತೋರಬೇಕಾಗಿಲ್ಲ. ಕುಮಾರವ್ಯಾಸನೆಂದು ಹೆಸರಾದ ಗದುಗಿನ ನಾರಣಪ್ಪ ತನ್ನ ಭಾರತವನ್ನು ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು, ಹೀಗೆ ಅದು ಏಳೇಳರ ನಡೆ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿ ಐದೈದರ ನಡೆ. ಗಮಕಿಗಳ ಬಾಯಿಂದ ಊರೂರಿನ ಜನ ರಾತ್ರಿಯಿಡೀ ಕೇಳಿದ್ದು ಈ ಲಯಗಳನ್ನೇ. ಮಿಶ್ರ ಛಾಪು, ಖಂಡ ಛಾಪು ತಾಳಗಳಲ್ಲಿ ದೇವರನಾಮ ಕೇಳಿ ಬೆಳೆದವರ ಕೈ ಏಳಕ್ಕೆ, ಐದಕ್ಕೆ ತಾನಾಗಿ ಬೀಳುತ್ತದೆ. ಈ ಸಂಗೀತ ನಮ್ಮವರಿಗೆ ಪರಕೀಯ ಎನ್ನುವವರ ಮಾತನ್ನು ನಾನು ಒಪ್ಪದೇ ಇರುವುದಕ್ಕೆ ಇದೇ ಮೊದಲ ಕಾರಣ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ಕಛೇರಿಯಲ್ಲಿ ಕೃತಿಗೆ ಹಿಡಿದ ತಾಳ ಕೊನೆಯವರೆಗೂ ಅದೇ. ಮೃದಂಗದವರು ಅದರೊಳಗೆ ಎಷ್ಟೇ ಕಠಿಣ ಲೆಕ್ಕ ಹಾಕಲಿ, ತಾಳ ಹಾಕುವವರ ಕೈ ಬದಲಾಗುವುದಿಲ್ಲ. ಪ್ರೊಗ್ರೆಸಿವ್ ಮೆಟಲ್ಲಿನಲ್ಲಿ ತಾಳವೇ ದಾರಿಯ ನಡುವೆ ಬದಲಾಗುತ್ತದೆ. ಏಳರ ಎರಡು ಸುತ್ತು, ಐದರ ಒಂದು, ನಾಲ್ಕರ ಮೂರು. ಡ್ರೀಮ್ ಥಿಯೇಟರಿನ 1999ರ 'ದ ಡ್ಯಾನ್ಸ್ ಆಫ್ ಇಟರ್ನಿಟಿ' ಎಂಬ ಆರು ನಿಮಿಷದ ವಾದ್ಯರಚನೆಯಲ್ಲಿ ಎಣಿಕೆ ನೂರಕ್ಕೂ ಹೆಚ್ಚು ಬಾರಿ ಬದಲಾಗುತ್ತದೆ. ಬೆರಗಾಗುವಂಥ ಕೈಚಳಕ ನಿಜ. ಆದರೂ ಅದನ್ನು ಕೇಳಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಬೆರಗು ಮಾತ್ರ.

ಇನ್ನೊಂದು ಉಪಾಯ ಸ್ವೀಡನ್ನಿನ ಮೆಶುಗಾ ತಂಡದವರದು. ಡ್ರಮ್ ಬಾರಿಸುವವನ ಒಂದು ಕೈ ಕಂಚಿನ ಸಿಂಬಲ್ಲಿನ ಮೇಲೆ ನಾಲ್ಕನ್ನು ಬಿಡದೆ ಎಣಿಸುತ್ತಿರುತ್ತದೆ. ಅವನ ಕಾಲು ಮತ್ತು ಗಿಟಾರು ಸೇರಿ ಬೇರೆ ಉದ್ದದ ಸುತ್ತನ್ನು ಹಿಡಿದಿರುತ್ತವೆ. ಕೈ ನಾಲ್ಕರಲ್ಲಿ, ಕಾಲು ಐದರಲ್ಲಿ ಇದೆ ಅಂದುಕೊಳ್ಳಿ. ಎರಡೂ ಮೊದಲ ಪೆಟ್ಟಿನಲ್ಲಿ ಕೂಡಿ, ಬೇರೆಯಾಗಿ, ಇಪ್ಪತ್ತು ಎಣಿಕೆ ಮುಗಿದ ಮೇಲೆ ಮತ್ತೆ ಕೂಡುತ್ತವೆ. ಆ ಕೂಡುವ ಕ್ಷಣದ ಸುಖ, ಮೃದಂಗದ ತನಿ ಆವರ್ತನದ ಕೊನೆಯಲ್ಲಿ ಕೋರ್ವೆ ಎಂಬ ಲಯದ ಲೆಕ್ಕ ಸಮಕ್ಕೆ ಬಂದು ಬೀಳುವ ಸುಖವೇ. ಬೆಂಗಳೂರಿನ ಮೃದಂಗ ವಿದ್ವಾನ್ ಬಿ.ಸಿ. ಮಂಜುನಾಥ್ ಅವರು ಫಿಬೊನಾಚಿ ಸಂಖ್ಯೆಗಳ ಮೇಲೆ ಕಟ್ಟಿದ ಕೊನ್ನಕ್ಕೋಲಿನ, ಎಂದರೆ ಲಯದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕಲೆಯ, ವಿಡಿಯೊ ಪ್ರಪಂಚದ ಮೂಲೆಮೂಲೆಯ ಲಯಪ್ರಿಯರನ್ನು ತಲುಪಿದ್ದು ಸುಮ್ಮನೆ ಆದದ್ದಲ್ಲ. ಲೆಕ್ಕದ ರುಚಿ ಹತ್ತಿದವರಿಗೆ ಊರು ಯಾವುದಾದರೇನು.

ಉಯಿಲು ಓದುವ ದಿನ

ಈ ಎರಡು ವರ್ಷಗಳ ಆಲ್ಬಂಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಸ್ವೀಡನ್ನಿನ ಓಪೆತ್ ತಂಡದ 'ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್'. ಬಂದದ್ದು 2024ರ ನವೆಂಬರ್ 22ರಂದು.

ಕಾಲ ಮೊದಲ ಮಹಾಯುದ್ಧದ ನಂತರದ್ದು. ಸಿರಿವಂತ, ಕಟ್ಟುನಿಟ್ಟಿನ ಯಜಮಾನನೊಬ್ಬ ತೀರಿಕೊಂಡಿದ್ದಾನೆ. ಬಂಗಲೆಯಲ್ಲಿ ಅವನ ಉಯಿಲು ಓದಲಾಗುತ್ತಿದೆ. ಕೇಳಲು ಅವಳಿ ಮಕ್ಕಳು ಬಂದಿದ್ದಾರೆ. ಅವರ ಜೊತೆಗೆ, ಆ ಮನೆಯಲ್ಲೇ ಬೆಳೆದ, ಪೋಲಿಯೊದಿಂದ ನರಳಿದ ಅನಾಥ ಹುಡುಗಿಯೂ ಇದ್ದಾಳೆ. ಇವಳು ಇಲ್ಲಿ ಯಾಕೆ ಎಂಬ ಪ್ರಶ್ನೆಯಿಂದ ಕಥೆ ಹೊರಡುತ್ತದೆ. ಯಾರು ಯಾರ ರಕ್ತ, ಆಸ್ತಿ ಯಾರಿಗೆ ಎಂಬ ಗಂಟು ಬಿಚ್ಚುತ್ತ ಹೋಗುತ್ತದೆ. ಮೊದಲ ಏಳು ಹಾಡುಗಳಿಗೆ ಹೆಸರಿಲ್ಲ. ದಸ್ತಾವೇಜಿನ ಕಲಮುಗಳಿಗೆ ಇರುವಂತೆ ಬರೀ ಚಿಹ್ನೆ ಮತ್ತು ಸಂಖ್ಯೆ. ಎಂಟನೆಯದಕ್ಕೆ ಮಾತ್ರ ಹೆಸರಿದೆ, 'ಎ ಸ್ಟೋರಿ ನೆವರ್ ಟೋಲ್ಡ್'. ಉಯಿಲಿನಲ್ಲಿ ಬರೆಯದೆ ಉಳಿದ ಸಂಗತಿ ಅಲ್ಲಿ ಹೊರಬರುತ್ತದೆ. ಅದು ಏನೆಂದು ಹೇಳಿ ಕೇಳುವವರ ಸುಖ ಕೆಡಿಸಲಾರೆ.

ಆಸ್ತಿ, ಉಯಿಲು, ಮನೆಯ ಗುಟ್ಟು ನಮ್ಮ ಕಾದಂಬರಿಗಳ ಓದುಗರಿಗೆ ಹೊಸದಲ್ಲ. ಹೊಸದು ಏನೆಂದರೆ ಸಂಗೀತ ಆ ಮನೆಯಂತೆಯೇ ಇರುವುದು. ಒಂದು ಬಾಗಿಲು ತೆಗೆದರೆ ಕೊಳಲು, ಇನ್ನೊಂದು ತೆಗೆದರೆ ತಂತಿವಾದ್ಯಗಳ ಮೇಳ, ಮೂರನೆಯದರ ಹಿಂದೆ ಕಿವಿ ಒಡೆಯುವ ಗಿಟಾರು. ಎಣಿಕೆ ಬದಲಾಗುವುದು ಹೆಚ್ಚಾಗಿ ಕಥೆಯಲ್ಲಿ ಯಾರದೋ ಕಾಲ ಕೆಳಗಿನ ನೆಲ ಜಾರುವಾಗ. ನಾನು ಆರಂಭದಲ್ಲಿ ಹೇಳಿದ ಅಳತೆಗೋಲಿಗೆ ಇದು ಪೂರ್ತಿ ಒಪ್ಪುವ ಕೃತಿ.

ಇನ್ನು ಆ ಗುಟುರು. ಹಾಡುಗಾರ ಮಿಕೇಲ್ ಓಕರ್‌ಫೆಲ್ಟ್ 2008ರ 'ವಾಟರ್‌ಶೆಡ್' ಆದ ಮೇಲೆ ಆಲ್ಬಂಗಳಲ್ಲಿ ಗುಟುರು ಹಾಡುವುದನ್ನು ಬಿಟ್ಟಿದ್ದರು. 2011ರ 'ಹೆರಿಟೇಜ್'ನಿಂದ ಮುಂದೆ ಬರೀ ತಿಳಿಗಂಠ. ಅರ್ಧ ಅಭಿಮಾನಿಗಳು ಮುನಿಸಿಕೊಂಡರು. ಈ ಆಲ್ಬಮ್ಮಿನಲ್ಲಿ ಗುಟುರು ಮರಳಿದೆ, ಅದೂ ಸತ್ತ ಯಜಮಾನನ ಕಂಠವಾಗಿ. ಮನೆಯವರನ್ನೆಲ್ಲ ಹೆದರಿಸಿ ಬಾಳಿದವನು ಸತ್ತ ಮೇಲೂ ಕಾಗದದ ಮೂಲಕ ಹೆದರಿಸುತ್ತಿದ್ದಾನೆ. ಅವನಿಗೆ ಬೇರೆ ಯಾವ ಕಂಠ ಒಪ್ಪೀತು?

ಗುಟುರೆಂದರೆ ಗಂಟಲು ಹರಿದುಕೊಂಡು ಕಿರುಚುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ನಮ್ಮ ಗಂಟಲಿನಲ್ಲಿ ಧ್ವನಿತಂತುಗಳ ಮೇಲ್ಭಾಗದಲ್ಲಿ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಾಡುವಾಗ ಅವು ಸುಮ್ಮನಿರುತ್ತವೆ. ಗುಟುರು ಹಾಡುವವರು ಹೊಟ್ಟೆಯಿಂದ ಉಸಿರು ತಳ್ಳಿ ಆ ಮಡಿಕೆಗಳನ್ನು ಕಂಪಿಸುವಂತೆ ಮಾಡುತ್ತಾರೆ, ಬಾಯಿಯ ಆಕಾರದಿಂದ ಸದ್ದನ್ನು ದಪ್ಪವಾಗಿಸುತ್ತಾರೆ. ಉಳಿದ ಕೆಲಸ ಮೈಕಿನದು. ಬಲ್ಲವರು ಹಾಡಿದರೆ ಅದು ಕೇಳುವಷ್ಟು ಜೋರಾಗಿ ಇರುವುದೇ ಇಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸುವುದನ್ನು ಕೇಳಿದವರಿಗೆ ಇದರ ತರ್ಕ ಕೂಡಲೇ ತಿಳಿಯುತ್ತದೆ. ಅದು ಪಾತ್ರದ ದನಿ, ಕಲಾವಿದನ ಸಿಟ್ಟಲ್ಲ.

ಈ ಆಲ್ಬಮ್ಮಿನಲ್ಲಿ ಉಯಿಲಿನ ಮಾತುಗಳನ್ನು ಓದುವವರು, ಕೊಳಲನ್ನೂ ನುಡಿಸುವವರು ಅದೇ ಜೆಥ್ರೊ ಟಲ್‌ನ ಇಯಾನ್ ಆಂಡರ್ಸನ್. 1972ರಲ್ಲಿ ತಟ್ಟೆಯ ಎರಡೂ ಬದಿಗೆ ಒಂದೇ ಹಾಡು ಹರಡಿದ ಮನುಷ್ಯ ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಕಿರಿಯರ ಕಥೆಗೆ ದನಿ ಕೊಡುತ್ತಾರೆ. ಹಿರಿಯರ ಮರ್ಯಾದೆಗಾಗಿ ಕರೆದ ಅತಿಥಿಯಂತೆ ಅವರು ಎಲ್ಲೂ ಕಾಣುವುದಿಲ್ಲ. ಆ ತಣ್ಣನೆಯ ಇಂಗ್ಲಿಷ್ ಉಚ್ಚಾರ ಇಲ್ಲದಿದ್ದರೆ ಉಯಿಲಿಗೆ ಅಷ್ಟು ಕ್ರೌರ್ಯ ಬರುತ್ತಲೇ ಇರಲಿಲ್ಲ.

ನಿದ್ದೆ ಕೆಡಿಸಲು ಹೊರಟವರು

ಡ್ರೀಮ್ ಥಿಯೇಟರಿನ ಹದಿನಾರನೆಯ ಆಲ್ಬಂ 'ಪ್ಯಾರಸೋಮ್ನಿಯಾ' 2025ರ ಫೆಬ್ರುವರಿ 7ರಂದು ಬಂದಿತು. ಅಭಿಮಾನಿಗಳು ಕಾದದ್ದು ಹಾಡುಗಳಿಗಿಂತ ಹೆಚ್ಚಾಗಿ ಒಬ್ಬ ಮನುಷ್ಯನಿಗೆ. 2010ರಲ್ಲಿ ತಂಡ ಬಿಟ್ಟುಹೋಗಿದ್ದ ಮೈಕ್ ಪೋರ್ಟ್‌ನಾಯ್ 2023ರ ಅಕ್ಟೋಬರಿನಲ್ಲಿ ಮರಳಿದ್ದರು. ಅವರಿಲ್ಲದ ವರ್ಷಗಳಲ್ಲಿ ಡ್ರಮ್ ನುಡಿಸಿದ ಮೈಕ್ ಮಂಜೀನಿ ಸಾಮಾನ್ಯರಲ್ಲ. ತಂಡದ ಮೊದಲ ಗ್ರ್ಯಾಮಿ ಬಂದದ್ದು ಅವರ ಕಾಲದಲ್ಲೇ, 2022ರಲ್ಲಿ, 'ದಿ ಏಲಿಯನ್' ಹಾಡಿಗೆ. ಇದನ್ನು ಮರೆತು ಪೋರ್ಟ್‌ನಾಯ್ ಅವರನ್ನು ಮೆರೆಸುವುದು ನ್ಯಾಯವಲ್ಲ.

ವಿಷಯ ನಿದ್ದೆಯ ರೋಗಗಳು. ನಿದ್ದೆಯಲ್ಲಿ ಬೆಚ್ಚಿ ಕೂಗುವವರು, ಯುದ್ಧದಿಂದ ಮರಳಿದ ಮೇಲೆ ಕಣ್ಣು ಮುಚ್ಚಲಾಗದ ಸೈನಿಕರು, ಎಚ್ಚರವಾದರೂ ಕೈಕಾಲು ಆಡದೆ ಎದೆಯ ಮೇಲೆ ಯಾರೋ ನಿಂತಂತೆ ಅನ್ನಿಸುವವರು. ಎಂಟು ರಚನೆ, ಎಪ್ಪತ್ತೊಂದು ನಿಮಿಷ. ಇಷ್ಟು ಒಳ್ಳೆಯ ವಿಷಯ ಈ ತಂಡಕ್ಕೆ ಬಹುಕಾಲದ ಮೇಲೆ ಸಿಕ್ಕಿದೆ.

'ನೈಟ್ ಟೆರರ್' ಹಾಡಿನ ಭಾರವೂ ವೇಗವೂ ಚೆನ್ನಾಗಿದೆ. 'ಬೆಂಡ್ ದ ಕ್ಲಾಕ್' ಹಾಡಿನ ಕೊನೆಗೆ ಪೆಟ್ರೂಚಿ ನುಡಿಸುವ ನಿಧಾನದ ಗಿಟಾರು ಇಡೀ ಆಲ್ಬಮ್ಮಿನ ಜೀವ. ಸ್ವರಗಳ ನಡುವೆ ಜಾಗ ಬಿಡಲು ಬಲ್ಲ ವಾದಕ ಅವರು ಎಂಬುದನ್ನು ಅವರ ವೇಗ ನಮ್ಮಿಂದ ಮರೆಸಿಬಿಡುತ್ತದೆ. ನನ್ನ ತಕರಾರು ಹತ್ತೊಂಬತ್ತೂವರೆ ನಿಮಿಷದ ಕೊನೆಯ ಹಾಡು 'ದ ಶ್ಯಾಡೊ ಮ್ಯಾನ್ ಇನ್ಸಿಡೆಂಟ್' ಬಗ್ಗೆ. ಆರಂಭದಲ್ಲಿ ಕತ್ತಲ ಕೋಣೆಯ ಮೂಲೆಯಲ್ಲಿ ನೆರಳೊಂದು ನಿಂತ ಭಯ ಮೈಗೆ ಹತ್ತುತ್ತದೆ. ನಡುವೆ ಗಿಟಾರು ಮತ್ತು ಕೀಬೋರ್ಡು ಜುಗಲ್‌ಬಂದಿಗೆ ಇಳಿದ ಕೂಡಲೇ ಭಯ ಕರಗಿ ಮತ್ತೆ ಚಾತುರ್ಯದ ಪ್ರದರ್ಶನ ಶುರುವಾಗುತ್ತದೆ. ಆ ಭಾಗವನ್ನು ಕಿತ್ತು ಅವರದೇ ಬೇರೆ ಯಾವುದೋ ಹಾಡಿಗೆ ಅಂಟಿಸಿದರೂ ನಡೆಯುತ್ತದೆ. ಕೈಕಾಲು ಆಡದವನ ಕಥೆ ಹೇಳುವಾಗ ಬೆರಳುಗಳು ಅಷ್ಟು ಓಡಬೇಕೆ? ಎಪ್ಪತ್ತೊಂದರಲ್ಲಿ ಹದಿನೈದು ನಿಮಿಷ ಕಡಿಮೆ ಮಾಡಿದ್ದರೆ ಇದು ಅವರ ಹಳೆಯ ಶ್ರೇಷ್ಠ ಕೃತಿಗಳ ಪಕ್ಕದಲ್ಲಿ ಕೂರುತ್ತಿತ್ತು.

ಮೇಲಿನಿಂದ ಕಂಡ ಭೂಮಿ

ಗಗನಯಾತ್ರಿಗಳು ಕಪ್ಪು ಶೂನ್ಯದಲ್ಲಿ ತೇಲುವ ಭೂಮಿಯನ್ನು ನೋಡಿದಾಗ ಅವರ ಮನಸ್ಸಿನಲ್ಲಿ ಆಗುವ ಪಲ್ಲಟಕ್ಕೆ ಅಮೆರಿಕದ ಲೇಖಕ ಫ್ರ್ಯಾಂಕ್ ವೈಟ್ 1987ರ ತಮ್ಮ ಪುಸ್ತಕದಲ್ಲಿ 'ಓವರ್‌ವ್ಯೂ ಎಫೆಕ್ಟ್' ಎಂದು ಹೆಸರಿಟ್ಟರು. ಗಡಿಗಳು ಕಾಣುವುದಿಲ್ಲ, ನಮ್ಮ ಜಗಳಗಳು ಸಣ್ಣದಾಗುತ್ತವೆ, ಕೆಲವರಿಗೆ ಪ್ರೀತಿ ಉಕ್ಕುತ್ತದೆ. ಇಂಗ್ಲೆಂಡಿನ ಸ್ಟೀವನ್ ವಿಲ್ಸನ್ 2025ರ ಮಾರ್ಚ್ 14ರಂದು ತಂದ 'ದಿ ಓವರ್‌ವ್ಯೂ' ಇದರ ಮೇಲೆಯೇ ನಿಂತಿದೆ. ಎರಡೇ ಹಾಡು. ಒಂದು ಸುಮಾರು ಇಪ್ಪತ್ತಮೂರು ನಿಮಿಷ, ಇನ್ನೊಂದು ಹದಿನೆಂಟು. ಬದಿಗೊಂದು, ಹಳೆಯ ಎಲ್‌ಪಿಯ ಲೆಕ್ಕವೇ.

ವಿಲ್ಸನ್ ಈ ಪಂಥದ ಕೊಂಡಿ. ಪೊರ್ಕ್ಯುಪೈನ್ ಟ್ರೀ ತಂಡ ಕಟ್ಟಿದವರು ಅವರು. ಓಪೆತ್‌ನ 2001ರ 'ಬ್ಲ್ಯಾಕ್‌ವಾಟರ್ ಪಾರ್ಕ್' ಧ್ವನಿಮುದ್ರಣದಲ್ಲಿ ಅವರ ಕೈ ಇತ್ತು. ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೊ ಟಲ್ ತಂಡಗಳ ಹಳೆಯ ಟೇಪುಗಳನ್ನು ಬಿಡಿಸಿ, ಒಂದೊಂದು ವಾದ್ಯವನ್ನೂ ಮತ್ತೆ ಹದವಾಗಿ ಬೆರೆಸಿಕೊಟ್ಟವರೂ ಅವರೇ. ಹಿರಿಯರ ಕೃತಿಗಳ ಒಳಗನ್ನು ಅಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರು ಇರಲಾರರು.

ಮೊದಲ ಹಾಡು 'ಆಬ್ಜೆಕ್ಟ್ಸ್ ಔಟ್‌ಲಿವ್ ಅಸ್' ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಅದರ ಒಂದು ಭಾಗಕ್ಕೆ ಎಕ್ಸ್‌ಟಿಸಿ ತಂಡದ ಆ್ಯಂಡಿ ಪಾರ್ಟ್ರಿಜ್ ಸಾಹಿತ್ಯ ಬರೆದಿದ್ದಾರೆ. ಕೆಳಗೆ ಜನರ ದಿನನಿತ್ಯದ ಸಣ್ಣಪುಟ್ಟ ಸಂಕಟಗಳು, ಮೇಲೆ ನಕ್ಷತ್ರಗಳ ಹುಟ್ಟು ಸಾವು, ಒಂದೇ ಉಸಿರಿನಲ್ಲಿ ಎರಡೂ. ದೊಡ್ಡದು ಸಣ್ಣದನ್ನು ಅಳಿಸಿಹಾಕುವುದಿಲ್ಲ ಎಂಬುದೇ ನನಗೆ ಹಿಡಿಸಿದ್ದು. ಎರಡನೆಯ ಹಾಡಿನಲ್ಲಿ ಅಂತರಿಕ್ಷದ ದೂರಗಳನ್ನು, ಆಕಾಶಕಾಯಗಳ ಹೆಸರುಗಳನ್ನು ಹೆಣ್ಣುದನಿಯೊಂದು ಓದುತ್ತ ಹೋಗುತ್ತದೆ. ಕೇಳಲು ಚೆಂದ, ಆದರೆ ಅಲ್ಲಿ ಮನುಷ್ಯರು ಕಾಣೆಯಾಗುತ್ತಾರೆ.

ಇದೇ ಅಂತರಿಕ್ಷಕ್ಕೆ ಇನ್ನೊಂದು ದಾರಿಯಿಂದ ಹೋದವರು ಅಮೆರಿಕದ ಡೆನ್ವರ್ ನಗರದ ಬ್ಲಡ್ ಇನ್‌ಕ್ಯಾಂಟೇಶನ್. ಇವರು ಡೆತ್ ಮೆಟಲ್ ತಂಡ, ಎಂದರೆ ಈ ಲೋಕದ ಅತಿ ಒರಟು ಬೀದಿಯವರು. 2024ರ ಅಕ್ಟೋಬರ್ 4ರಂದು ಬಂದ ಅವರ 'ಆ್ಯಬ್ಸೊಲ್ಯೂಟ್ ಎಲ್ಸ್‌ವೇರ್' ಎರಡು ದೀರ್ಘ ರಚನೆಗಳದು. ಒಂದೊಂದರಲ್ಲೂ ಮೂರು ಭಾಗ. ಅದನ್ನು ಮುದ್ರಿಸಿದ್ದು ಬರ್ಲಿನ್ನಿನ ಹಾನ್ಸಾ ಸ್ಟುಡಿಯೊದಲ್ಲಿ. 1977ರಲ್ಲಿ ಡೇವಿಡ್ ಬೋವಿ 'ಹೀರೋಸ್' ಮಾಡಿದ ಜಾಗ ಅದು. ಜರ್ಮನಿಯ ಟ್ಯಾಂಜರಿನ್ ಡ್ರೀಮ್ ತಂಡದ ಥಾರ್ಸ್ಟನ್ ಕ್ವೇಶ್ನಿಂಗ್ ಬಂದು ಸಿಂಥಸೈಜರ್ ನುಡಿಸಿದ್ದಾರೆ. ಸಿಡಿಲಿನಂಥ ಗಿಟಾರು ನಿಂತ ಮರುಗಳಿಗೆಯೇ ಗ್ರಹಗಳ ನಡುವೆ ತೇಲುವಂಥ ವಿದ್ಯುನ್ಮಾನ ನಾದ ಹರಡುತ್ತದೆ, ಆಮೇಲೆ ಪಿಂಕ್ ಫ್ಲಾಯ್ಡ್ ಕಾಲದ ತಿಳಿ ಹಾಡು, ಮತ್ತೆ ಸಿಡಿಲು. ಕಾಗದದ ಮೇಲೆ ಇದು ಕಲಸುಮೇಲೋಗರ. ಕಿವಿಗೆ ಮಾತ್ರ ಒಂದರಿಂದ ಇನ್ನೊಂದು ಹುಟ್ಟಿದಂತೆ ಕೇಳುತ್ತದೆ, ಯಾಕೆಂದರೆ ಪ್ರತಿ ತಿರುವಿಗೂ ಮೊದಲು ಅದರ ಸುಳಿವನ್ನು ಡ್ರಮ್ ಕೊಟ್ಟಿರುತ್ತದೆ. ಗುಟುರಿನ ಹೆದರಿಕೆ ಇಲ್ಲದವರಿಗೆ ನಾನು ಮೊದಲು ಕೊಡುವ ಆಲ್ಬಂ ಇದೇ.

ಇನ್ನಿಬ್ಬರ ಬಗ್ಗೆ ಎರಡು ಮಾತು. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕ್ಯಾಲಿಗುಲಾಸ್ ಹಾರ್ಸ್ ತಂಡ 2024ರ ಜನವರಿಯಲ್ಲಿ ತಂದ 'ಚಾರ್ಕೋಲ್ ಗ್ರೇಸ್' ಕೋವಿಡ್ ವರ್ಷಗಳ ಒಂಟಿತನದಿಂದ ಬಂದದ್ದು. ಗುಟುರಿಲ್ಲದ ತಿಳಿಗಂಠ ಬಯಸುವವರಿಗೆ ಒಳ್ಳೆಯ ಬಾಗಿಲು. ಮುಖವಾಡ ತೊಟ್ಟು ಹಾಡುವ ಇಂಗ್ಲೆಂಡಿನ ಸ್ಲೀಪ್ ಟೋಕನ್ ತಂಡದ 'ಈವನ್ ಇನ್ ಆರ್ಕೇಡಿಯಾ' 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಪಾಪ್, ರ‍್ಯಾಪ್, ಮೆಟಲ್ ಎಲ್ಲವೂ ಅದರಲ್ಲಿವೆ. ನನಗೆ ಅದು ಸೇರಲಿಲ್ಲ, ಹಾಡುಗಳು ತಿರುವು ಪಡೆಯುವ ಜಾಗ ಮೊದಲೇ ಗೊತ್ತಾಗಿಬಿಡುತ್ತದೆ. ಆದರೆ ಅದರ ದೆಸೆಯಿಂದ ಉದ್ದದ ಹಾಡಿಗೆ ಬಂದ ಹದಿನಾರರ ಮಕ್ಕಳು ಮುಂದೆ ಓಪೆತ್‌ಗೂ ಬರುತ್ತಾರೆ ಎಂದು ನಂಬಿದ್ದೇನೆ.

ಮೂವತ್ತು ಸೆಕೆಂಡಿನ ಆರ್ಥಿಕತೆ

ಇಂಥ ಸಂಗೀತ ಮಾಡಿ ಬದುಕುವುದು ಹೇಗೆ? ಇಂದು ಹೆಚ್ಚಿನವರು ಹಾಡು ಕೇಳುವುದು ಮೊಬೈಲಿನ ಆ್ಯಪುಗಳಲ್ಲಿ. ಸ್ಪಾಟಿಫೈಯಲ್ಲಿ ಹಾಡೊಂದು ಮೂವತ್ತು ಸೆಕೆಂಡು ಓಡಿದರೆ ಒಂದು ಕೇಳಿಕೆ ಎಂದು ಲೆಕ್ಕಕ್ಕೆ ಬರುತ್ತದೆ. ಎರಡು ನಿಮಿಷದ ಹಾಡಿಗೂ ಒಂದೇ, ವಿಲ್ಸನ್ನರ ಇಪ್ಪತ್ತಮೂರು ನಿಮಿಷದ ಹಾಡಿಗೂ ಒಂದೇ. ಅದೇ ಇಪ್ಪತ್ತಮೂರು ನಿಮಿಷದಲ್ಲಿ ಪಾಪ್ ಗಾಯಕರ ಎಂಟು ಹಾಡು ಓಡಿ ಎಂಟು ಪಾಲು ಹಣ ಬರುತ್ತದೆ. 2024ರಿಂದ ಇನ್ನೊಂದು ನಿಯಮ ಸೇರಿದೆ. ಹನ್ನೆರಡು ತಿಂಗಳಲ್ಲಿ ಸಾವಿರ ಕೇಳಿಕೆ ದಾಟದ ಹಾಡಿಗೆ ಏನೂ ಇಲ್ಲ. ಹೊಸದಾಗಿ ಹೊರಟ, ಉದ್ದದ ಹಾಡು ಕಟ್ಟುವ ಹುಡುಗರಿಗೆ ಇದು ನೇರ ಪೆಟ್ಟು.

ಹಾಗಾಗಿ ಈ ತಂಡಗಳ ಹೊಟ್ಟೆ ತುಂಬಿಸುವುದು ಊರೂರು ತಿರುಗಿ ಕೊಡುವ ಕಛೇರಿಗಳು, ಟೀ ಶರ್ಟುಗಳು ಮತ್ತು ಮತ್ತೆ ಬಂದಿರುವ ಎಲ್‌ಪಿ ತಟ್ಟೆಗಳು. 2022ರಲ್ಲಿ ಅಮೆರಿಕದಲ್ಲಿ ಎಲ್‌ಪಿಗಳು ಸಿಡಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು, 1987ರ ನಂತರ ಮೊದಲ ಬಾರಿಗೆ. ತಟ್ಟೆ ಮರಳಿದ ಕೂಡಲೇ ನಲವತ್ತು ನಿ‌ಮಿಷದ ಆಲ್ಬಮ್ಮೂ ಮರಳಿದ್ದು ನೋಡಿ ನನಗೆ ಸಂತೋಷವಾಗಿದೆ. ಓಪೆತ್, ವಿಲ್ಸನ್, ಬ್ಲಡ್ ಇನ್‌ಕ್ಯಾಂಟೇಶನ್ ಮೂರೂ ಎಪ್ಪತ್ತು ನಿಮಿಷದ ಆಸೆಗೆ ಬೀಳಲಿಲ್ಲ. ಮೂರೂ ಗೆದ್ದದ್ದರಲ್ಲಿ ಆ ಬಿಗಿಯ ಪಾಲು ದೊಡ್ಡದು.

ಅರಮನೆ ಮೈದಾನದಿಂದ ಮುಂದೆ

2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ದೇಶದ ಎಲ್ಲೆಡೆಯಿಂದ ರೈಲು ಹತ್ತಿ ಬಂದವರಿದ್ದರು. 2012ರಲ್ಲಿ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ಶುರುವಾಯಿತು. ರಾಷ್ಟ್ರೀಯ ಕಾನೂನು ಶಾಲೆಯ 'ಸ್ಟ್ರಾಬೆರಿ ಫೀಲ್ಡ್ಸ್' ಸ್ಪರ್ಧೆಯಂಥ ಕಾಲೇಜು ವೇದಿಕೆಗಳು ತಂಡಗಳನ್ನು ಬೆಳೆಸಿದವು.

ಈ ಮಣ್ಣಿನಲ್ಲಿ ಬೆಳೆದ ಬೆಂಗಳೂರಿನ ಅಗಂ ತಂಡ ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೊಗ್ರೆಸಿವ್ ರಾಕ್ ಚೌಕಟ್ಟಿಗೆ ತಂದಿದೆ. 2012ರ 'ದಿ ಇನ್ನರ್ ಸೆಲ್ಫ್ ಅವೇಕನ್ಸ್', 2017ರ 'ಎ ಡ್ರೀಮ್ ಟು ರಿಮೆಂಬರ್' ಆದ ಮೇಲೆ 2025ರಲ್ಲಿ 'ಅರೈವಲ್ ಆಫ್ ದಿ ಇಥೀರಿಯಲ್' ಬಂದಿದೆ. ಪೈನಾಪಲ್ ಎಕ್ಸ್‌ಪ್ರೆಸ್, ಪ್ರಾಜೆಕ್ಟ್ ಮಿಶ್ರಂ ಇಲ್ಲಿಯವೇ. ಪ್ರಾಜೆಕ್ಟ್ ಮಿಶ್ರಂನಲ್ಲಿ ಕೊಳಲು, ಪಿಟೀಲು ಮತ್ತು ಮೆಟಲ್ ಗಿಟಾರು ಒಂದೇ ಲೆಕ್ಕದ ಮೇಲೆ ಓಡುವುದನ್ನು ಕೇಳಿದರೆ, ಮೇಲೆ ಹೇಳಿದ ಕೋರ್ವೆಯ ಮಾತು ಬರೀ ಹೋಲಿಕೆಯಲ್ಲ ಎಂದು ತಿಳಿಯುತ್ತದೆ. ರಾಗದ ಅಂದಕ್ಕಾಗಿ ಅಂಟಿಸಿದ ಶಾಸ್ತ್ರೀಯತೆ ಅಲ್ಲಿಲ್ಲ. ಲಯದ ಎಲುಬೇ ಒಂದಾಗಿದೆ.

ನನಗೆ ಇನ್ನೂ ಬೇಕಿರುವುದು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲೇ ಒಂದು ಕಥೆ ಹೇಳುವ ನಲವತ್ತು ನಿಮಿಷದ ಆಲ್ಬಂ. ಕನ್ನಡ ಈ ಕೆಲಸಕ್ಕೆ ಒಗ್ಗದು ಎಂದು ಯಾರಾದರೂ ಅಂದರೆ ಭಾಮಿನಿಯ ಒಂದು ಪದ್ಯವನ್ನು ಡ್ರಮ್ ಬಾರಿಸುವವರ ಮುಂದೆ ಇಡುತ್ತೇನೆ. ಮೊದಲ ಎರಡು ಸಾಲು ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರನೆಯ ಸಾಲಿಗೆ ಅದೇ ಮೂರು ನಾಲ್ಕರ ನಡೆ ಇನ್ನೊಂದು ಸುತ್ತು ಹಿಗ್ಗಿ, ತುದಿಯಲ್ಲಿ ಒಂದು ಗುರು ಸೇರಿ, ಇಪ್ಪತ್ತಮೂರಕ್ಕೆ ನಿಲ್ಲುತ್ತದೆ. ಆಮೇಲೆ ಮತ್ತೆ ಹದಿನಾಲ್ಕು, ಹದಿನಾಲ್ಕು, ಇಪ್ಪತ್ತಮೂರು. ಇದನ್ನು ಗಿಟಾರಿನ ಮೇಲೆ ಕೂರಿಸಲು ಯಾರೂ ಸ್ವೀಡನ್ನಿಗೆ ಹೋಗಿ ಕಲಿಯಬೇಕಾಗಿಲ್ಲ, ಗದುಗಿನ ವೀರನಾರಾಯಣನ ಗುಡಿಯವರೆಗೆ ಹೋಗಿ ಬಂದರೆ ಸಾಕು.